ದೊಡ್ಡಪ್ಪನ ಅಳತೆಯಲ್ಲಿ ಎರಡು ಅಂಗಡಿ

ನಮ್ಮ ದೊಡ್ಡಪ್ಪ ಕುಡಿಯುವ ನೀರಿನ ಕಾರ್ಖಾನೆಯಲ್ಲಿ ತೂಕದ ಗುಮಾಸ್ತರಾಗಿದ್ದವರು. ಅಲ್ಲಿ ಲೀಟರ್ ಎಂದರೆ ಕಿಲೋ. ನಿವೃತ್ತರಾದ ಮೇಲೆ ಅದೇ ನ್ಯಾಯವನ್ನು ಅಡುಗೆಮನೆಗೆ ತಂದರು. ಬಾಟಲಿಯ ತೂಕ ಕಳೆದರೆ, ಎಣ್ಣೆ ಅಂಗಡಿಯ ಲೀಟರ್ ಒಂಬೈನೂರು ಗ್ರಾಂ ಚಿಲ್ಲರೆ ತೂಗಿತು, ಅವರು ಕಳ್ಳರು. ಜೇನಂಗಡಿಯ ಲೀಟರ್ ಸಾವಿರದ ನಾನೂರು ತೂಗಿತು, ಅವರು ಧರ್ಮಾತ್ಮರು.

ಕಷ್ಟವೇನೆಂದರೆ, ಮಗಳು ಮೆಚ್ಚಿದ್ದು ಎಣ್ಣೆ ಅಂಗಡಿಯ ಹುಡುಗನನ್ನು.

"ಕಳ್ಳರ ಮನೆಗೆ ಹೆಣ್ಣು ಕೊಡಲ್ಲ. ಜೇನಂಗಡಿಯವರಿಗೂ ಮಗ ಇದಾನೆ," ಎಂದರು ದೊಡ್ಡಪ್ಪ.

"ಎಣ್ಣೆ ನೀರಿನ ಮೇಲೆ ತೇಲಲ್ವೇನಪ್ಪಾ? ನೀರಿಗಿಂತ ಹಗುರ ಅದು."

"ಆಗಲೇ ಅವರ ಪರ ವಕಾಲತ್ತು ಶುರುವಾಯ್ತಾ?"

ನಾನು ಸಾಂದ್ರತೆಯ ಪಾಠಕ್ಕೆ ಬಾಯಿ ತೆರೆದೆ. ದೊಡ್ಡಮ್ಮ ಕಣ್ಣಲ್ಲೇ ತಡೆದರು. ಮಾರನೆಯ ದಿನ ಎರಡೂ ಅಂಗಡಿಗೆ ಲೀಟರ್ ಬಾಟಲಿ ಕಳಿಸಿ, ಲೀಟರ್ ಬದಲು ಒಂದೊಂದು ಕಿಲೋ ತರಿಸಿದರು. ಎಣ್ಣೆ ಬಾಟಲಿ ತುಂಬಿ, ಮಿಕ್ಕದ್ದು ಲೋಟದಲ್ಲಿ ಬಂತು. ಜೇನಿನ ಬಾಟಲಿ ಮುಕ್ಕಾಲೂ ತುಂಬಿರಲಿಲ್ಲ.

ದೊಡ್ಡಪ್ಪ ಎರಡನ್ನೂ ತೂಗಿದರು. ಎರಡೂ ಸರಿಯಾಗಿ ಕಿಲೋ. ಆದರೆ ಅವರ ಕಣ್ಣು ಲೋಟದ ಮೇಲಿತ್ತು.

"ಎಣ್ಣೆಯವರು ತಿದ್ದಿಕೊಂಡಿದಾರೆ ಕಣೇ. ಜೇನಿನವರು ಇಷ್ಟು ಬೇಗ ಕೆಟ್ಟುಹೋದರಲ್ಲ."

ಮದುವೆ ನಿಶ್ಚಯವಾಯಿತು. ಸಾಂದ್ರತೆಗೆ ಮಾತ್ರ ದೊಡ್ಡಪ್ಪನ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.