ಸ್ಕೂಟರ್ ಕನ್ನಡಿಗೆ ಬಂದ ಸೂರಕ್ಕಿ

ಶನಿವಾರ ಬೆಳಿಗ್ಗೆ ಗೋಪಾಳದಿಂದ ಸಿಟಿ ಬಸ್ಸಿನಲ್ಲಿ ಶಿವಮೊಗ್ಗ ಬಸ್ ನಿಲ್ದಾಣಕ್ಕೆ ಬಂದೆ. ಭದ್ರಾವತಿಗೆ ಸರ್ಕಾರಿ ಬಸ್ಸಾದರೆ ಹೆಂಗಸರಿಗೆ ಉಚಿತ. ಆದರೆ ಕಾಯುವ ತಾಳ್ಮೆ ಇರಲಿಲ್ಲ. ಹಾರ್ನ್ ಹೊಡೆಯುತ್ತಿದ್ದ ಖಾಸಗಿ ಬಸ್ಸನ್ನೇ ಹತ್ತಿ, ಡ್ರಾಯಿಂಗ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಸುಮಾರು ಇಪ್ಪತ್ತು ಕಿಲೋಮೀಟರ್ ದಾರಿ ಅಂದು ಯಾಕೋ ಮುಗಿಯಲೇ ಇಲ್ಲ.

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಆಗ ಕೈಯಲ್ಲಿದ್ದದ್ದು ಮಧ್ಯ ಅಮೆರಿಕದ ಮಳೆಕಾಡಿನ ಒಂದು ಹಮ್ಮಿಂಗ್‌ಬರ್ಡ್. ಬಾಗಿದ ಉದ್ದ ಕೊಕ್ಕಿನ ಈ ಪುಟ್ಟ ಹಕ್ಕಿ ಗಾಳಿಯಲ್ಲಿ ನಿಂತಲ್ಲೇ ನಿಂತು ಮಕರಂದ ಹೀರುತ್ತದೆ. ಪ್ರದೇಶ ಬದಲಾದಂತೆ ಎದೆಯ ಬಣ್ಣ ಒಂದು ಕಡೆ ಬೂದು, ಇನ್ನೊಂದು ಕಡೆ ಕಂದು, ಮತ್ತೊಂದು ಕಡೆ ಬಾಲವೇ ಉದ್ದ. ಅಂಥ ಮೂರು ಬಗೆಗಳು ಒಂದೇ ಪುಟದಲ್ಲಿ ಬರಬೇಕಿತ್ತು. ಕಳಿಸಿದ ಚಿತ್ರ ನೋಡಿ ಸಂಪಾದಕರು, “ಹಾರ್ತಾ ಇಲ್ಲ ಮೇಡಂ, ದಾರಕ್ಕೆ ಕಟ್ಟಿ ನೇತುಹಾಕಿದ ಹಾಗಿದೆ. ಸೋಮವಾರದೊಳಗೆ ಆಗ್ಲಿಲ್ಲ ಅಂದ್ರೆ ಫೋಟೋ ಹಾಕಿಬಿಡ್ತೀವಿ” ಎಂದಿದ್ದರು. ನಮ್ಮ ದೇಶದಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ. ಅದರಂತೆ ಮಕರಂದ ಹೀರುವ ಪುಟ್ಟ ಸೂರಕ್ಕಿ ಇದೆ, ಆದರೆ ಅದು ಗಾಳಿಯಲ್ಲಿ ನಿಲ್ಲುವುದು ಅಪರೂಪ. ಹಿಂದಿನ ಸಂಜೆ ಅಪ್ಪನ ತಂಗಿ ಸರೋಜತ್ತೆ ಭದ್ರಾವತಿಯಿಂದ ಫೋನಿನಲ್ಲಿ, “ಇಲ್ಲೊಂದು ಸೂರಕ್ಕಿ ಸ್ಕೂಟರ್ ಕನ್ನಡಿ ಮುಂದೆ ಗಾಳೀಲೇ ನಿಂತ್ಕೊಂಡು ಜಗಳ ಆಡುತ್ತೆ ಕಣೇ” ಎಂದದ್ದೇ ತಡ, ಬೆಳಗಾಗುತ್ತಲೇ ಹೊರಟುಬಿಟ್ಟಿದ್ದೆ.

ಅತ್ತೆ ಅಲ್ಲಿನ ನ್ಯೂಟೌನಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಆಟೋ ಇಳಿದು ನೋಡಿದರೆ ಸ್ಕೂಟರಿನ ಎರಡೂ ಕನ್ನಡಿಗಳಿಗೆ ಬ್ಲೌಸ್ ಲೈನಿಂಗಿನ ಚೀಲ ಹೊಲಿದು ಹಾಕಿದ್ದರು.

“ಅಯ್ಯೋ, ಮುಚ್ಚಿಬಿಟ್ರಾ ಅತ್ತೆ?”

“ಇನ್ನೇನ್ ಮಾಡ್ಲಿ ಮಾರಾಯ್ತಿ? ಹೆಣ್ಣು ಗೂಡು ಕಟ್ತಾ ಇದೆ. ಈ ಗಂಡು ತನ್ನ ಬಿಂಬಾನೇ ಬೇರೆ ಹಕ್ಕಿ ಅಂದ್ಕೊಂಡು, ತಿನ್ನೋದು ಬಿಟ್ಟು ದಿನವಿಡೀ ಕನ್ನಡಿ ಕುಟ್ಟಿ ಸುಸ್ತಾಗುತ್ತೆ. ತೆಗೆಯಲ್ಲ.”

ಸಂಪಾದಕರು ಬೇಡವೆಂದ ಚಿತ್ರವನ್ನು ತೆಗೆದು ತೋರಿಸಿದೆ. ಅತ್ತೆ ಅದನ್ನು ನೋಡಿ, ಹೋಗಿ ಒಂದು ಕನ್ನಡಿಯ ಚೀಲ ತೆಗೆದರು.

“ಒಂದೇ ಸಲ. ಮುಚ್ಚಿದ ಮೇಲೆ ಮತ್ತೆ ಕೇಳ್ಬೇಡ.”

ಖಾರದ ಮಂಡಕ್ಕಿ ತಿನ್ನುತ್ತ ಮೆಟ್ಟಿಲ ಮೇಲೆ ಕುಳಿತೆವು. ಬಿಸಿಲು ಚುರುಗುಟ್ಟುತ್ತಿತ್ತು. ನುಗ್ಗೆ ಮರದಿಂದ ಹೊಳೆಯುವ ಕಪ್ಪು ಚುಕ್ಕೆಯೊಂದು ನೇರ ಕನ್ನಡಿಗೆ ಬಂತು. ಮೈ ನೆಟ್ಟಗಾಯಿತು, ಬಾಲ ಕೆಳಕ್ಕೆ ಬಾಗಿ ಬೀಸಣಿಗೆಯಂತೆ ಅರಳಿತು, ಬಡಿತದ ವೇಗಕ್ಕೆ ರೆಕ್ಕೆಗಳು ಮಾಯವಾದವು. ತಲೆ ಮಾತ್ರ ಮೊಳೆ ಹೊಡೆದಂತೆ ಅಲುಗಾಡಲಿಲ್ಲ. ಇಷ್ಟು ದಿನ ನಾನು ರೆಕ್ಕೆಯನ್ನೇ ತಿದ್ದುತ್ತಿದ್ದೆ. ಹಾರಾಟವೆಲ್ಲ ಆ ಬಾಲದಲ್ಲಿ, ಆ ಕತ್ತಿನಲ್ಲಿತ್ತು. ಅತ್ತೆ ಎದ್ದು ಚೀಲ ಹಾಕಿದಾಗಲೇ ಪೆನ್ಸಿಲ್ ಮುಟ್ಟೇ ಇಲ್ಲವೆಂದು ಗೊತ್ತಾದದ್ದು.

ಮತ್ತೆ ಕೇಳಲಿಲ್ಲ. ಕಣ್ಣಲ್ಲಿದ್ದದ್ದು ಆರುವ ಮೊದಲೇ ಗೀಚಿದೆ. ಅತ್ತೆ ಬಗ್ಗಿ ನೋಡಿ, “ಈಗ ಇದಕ್ಕೆ ಸಿಟ್ಟು ಬಂದಿದೆ” ಎಂದರು. ಆಮೇಲೆ, “ಮೂರಕ್ಕೂ ಇದನ್ನೇ ಬರೀತೀಯಾ? ಊರು ಬೇರೆಯಾದ್ರೆ ಬಣ್ಣ ಮಾತ್ರ ಬೇರೇನಾ? ಒಂದೊಂದೂ ಒಂದೊಂದು ಕೆಲಸದಲ್ಲಿ ಇರಲ್ವಾ?” ಎಂದು ಕೇಳಿದರು.

ನಾನು ಅವರ ಕೈ ಹಿಡಿದು ನಕ್ಕೆ. ಊಟಕ್ಕೂ ನಿಲ್ಲದೆ ಹೊರಟೆ. ವಾಪಸ್ ಬಸ್ಸಿನ ಕುಲುಕಾಟದಲ್ಲೇ ಬೂದು ಎದೆಯದನ್ನು ಹೂವಿನೊಳಕ್ಕೆ ತೂರಿಸಿದೆ, ಉದ್ದ ಬಾಲದ್ದನ್ನು ಹೂವಿನಿಂದ ಹಿಂದಕ್ಕೆ ಹಾರಿಸಿದೆ, ಬಲಗಡೆಯ ಕಂದು ಎದೆಯದನ್ನು ನೇರ ಓದುವವರ ಕಡೆಗೇ ತಿರುಗಿಸಿದೆ. ಭಾನುವಾರ ಬಣ್ಣ ಹಾಕಿ ಕಳಿಸಿದೆ.

ಸೋಮವಾರ ಸಂಪಾದಕರ ಫೋನು ಬಂತು. “ಮೇಡಂ, ಬಲಗಡೇದು ಯಾಕೆ ನನ್ನನ್ನೇ ಗುರಾಯಿಸ್ತಾ ಇದೆ?” ಎಂದು ಕೇಳಿದರು. ಫೋಟೋದ ಮಾತೆತ್ತಲಿಲ್ಲ.