ಒಮ್ಮೆ ಮಾತ್ರ ಓದಿಸಿಕೊಳ್ಳುವ ಗರಿಗಳ ಕಾವಲುಗಾರ್ತಿ

ಗಂಗೆಯ ಆಚೆ ದಡದಲ್ಲಿ ಮನೆಯಿಲ್ಲ, ಮರವಿಲ್ಲ, ಬರೀ ಮರಳು. ಹಾಗಾಗಿ ಘಾಟಿನ ಮೇಲಿನ ಮನೆಗಳಿಗೆ ಮುಂಜಾನೆಯ ಬಿಸಿಲು ಅಡೆತಡೆಯಿಲ್ಲದೆ ನೆಲಕ್ಕೆ ಸಮನಾಗಿ ಬಂದು ಬೀಳುತ್ತದೆ. ಆ ಬಿಸಿಲಿಗಿಂತ ಮೊದಲೇ ಹನುಮಾನ್ ಘಾಟಿನ ಓಣಿಯ ಮಠವೊಂದರ ಮೇಲಂತಸ್ತಿನಲ್ಲಿ ಅನ್ನದಾನಮ್ಮ ಹಾಜರು. ಮೊದಲು ಮಾಳಿಗೆ ಹತ್ತಿ, ರಾತ್ರಿ ಮಂಗಗಳು ಕರೆಂಟಿನ ತಂತಿ ಎಳೆದಾಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಕೆಳಗಿಳಿದು ಪೂರ್ವದ ಕಿಟಕಿ ತೆರೆದು, ಮೂಲೆಯಲ್ಲಿರುವ ದೊಡ್ಡ ಕಂಪ್ಯೂಟರಿನ ಮೇಲೆ ಹೊದಿಸಿದ ಹಳೆಯ ಇಳಕಲ್ ಸೀರೆಯ ತುಂಡನ್ನು ಸರಿಸಿ ಗುಂಡಿ ಒತ್ತುತ್ತಾರೆ. ಅದು ಗುರುಗುಟ್ಟಿ ಎಚ್ಚರಾಗುವವರೆಗೆ ಅವರಿಗೆ ಚಹಾ ಸೇರುವುದಿಲ್ಲ.

ಅಷ್ಟರಲ್ಲಿ ಎಂಬತ್ತು ದಾಟಿದ ಕೊಟ್ಟೂರಯ್ಯನವರನ್ನು ಕೈಹಿಡಿದು ತಂದು ಕಿಟಕಿಯ ಪಕ್ಕದ ಚಾಪೆಯ ಮೇಲೆ ಕೂರಿಸುತ್ತಾರೆ. ಹಿರಿಯರು ತಾಳೆಗರಿಯೊಂದನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಓದಲು ತೊಡಗುತ್ತಾರೆ. ಅವರು ಓದಿದ್ದನ್ನು ಎದುರಿನ ಮೇಜಿನ ಕಂಪ್ಯೂಟರಿನಲ್ಲಿ ಭವಾನಿ ಟೈಪು ಮಾಡುತ್ತಾರೆ. ಪಕ್ಕದ ಮೇಜಿನಲ್ಲಿ ತೋಂಟೇಶ ಹಿಂದಿನ ದಿನಗಳ ಓದನ್ನು ತಿದ್ದುತ್ತಾರೆ. ಅನ್ನದಾನಮ್ಮ ಮಾತ್ರ ಓದುವುದಿಲ್ಲ, ಬರೆಯುವುದಿಲ್ಲ, ಮೂಲೆಯ ಆ ಕಂಪ್ಯೂಟರ್ ಪೆಟ್ಟಿಗೆಯ ಪಕ್ಕ ಸುಮ್ಮನೆ ಕೂತಿರುತ್ತಾರೆ. ಹೊಸಬರು ಬಂದರೆ ಈ ತಾಯಿ ಇಲ್ಲಿ ಏನು ಮಾಡುತ್ತಾರೆ ಎಂದು ಕೇಳುವುದುಂಟು. ಕೇಳಿದರೆ ಅವರಿಗೇನೂ ಬೇಸರವಿಲ್ಲ. “ಕಾಯ್ತೀನ್ರಿ,” ಎನ್ನುತ್ತಾರೆ.

ಅವರು ಕಾಯುತ್ತಿರುವುದು ಏನನ್ನು ಎಂದು ತಿಳಿಯಬೇಕಾದರೆ ಗರಿಗಳ ಕಥೆ ಗೊತ್ತಿರಬೇಕು. ರೈಲು ಇಲ್ಲದ ಕಾಲದಲ್ಲಿ ಕನ್ನಡ ನಾಡಿನಿಂದ ಕಾಶಿಗೆ ನಡೆದು ಬರುತ್ತಿದ್ದವರು ದಾರಿಯಲ್ಲಿ ಹಾಡಿದ ಪದಗಳನ್ನು ಯಾರೋ ಪುಣ್ಯಾತ್ಮರು ಇವುಗಳಲ್ಲಿ ಕೊರೆದಿಟ್ಟಿದ್ದಾರೆ. ಯಾವ ಊರಲ್ಲಿ ನೀರು ಸಿಹಿ, ಎಲ್ಲಿ ಕಳ್ಳರ ಕಾಟ, ಯಾವ ಹೊಳೆಯ ಅಂಬಿಗ ಒಳ್ಳೆಯವ ಎಂಬುದೆಲ್ಲ ಅವುಗಳಲ್ಲಿದೆ. ಕಾಶಿ ಮುಟ್ಟದೆ ದಾರಿಯಲ್ಲೇ ತೀರಿಕೊಂಡವರ ಹೆಸರುಗಳೂ ಇವೆ, ಊರಿನ ಸಮೇತ. ಮಠದ ನೆಲಮಾಳಿಗೆಗೆ ಹಿಂದೊಮ್ಮೆ ಗಂಗೆಯ ನೀರು ನುಗ್ಗಿದಾಗ ಈ ಕಟ್ಟುಗಳು ನೆನೆದು ಅಂಟಿಕೊಂಡವು. ಈಗ ಎಣ್ಣೆ ಸವರಿ, ತೆಳ್ಳನೆಯ ಬಿದಿರು ಕಡ್ಡಿ ತೂರಿಸಿ ಒಂದೊಂದೇ ಗರಿಯನ್ನು ಬಿಡಿಸಬೇಕು. ಬಿಡಿಸಿದ ಗರಿ ಗಾಳಿ ಸೋಕಿ ಸಂಜೆಯೊಳಗೆ ಹುಡಿಯಾಗುತ್ತದೆ. ಫೋಟೊ ತೆಗೆಸಿ ನೋಡಿದ್ದಾರೆ. ಮಸಿ ಹಚ್ಚದ ಗರಿಯಲ್ಲಿ ಇರುವುದು ಕೂದಲೆಳೆಯ ಗೀರು, ಅದು ಫೋಟೊದಲ್ಲಿ ಮೂಡಲೇ ಇಲ್ಲ. ಮಸಿ ಹಚ್ಚಲು ಹೋದರೆ ಗರಿಯೇ ಬಟ್ಟೆಗೆ ಹತ್ತಿಕೊಂಡು ಬಂತು.

ಆ ಗೀರು ಕಾಣುವುದು ಮುಂಜಾನೆಯ ಓರೆ ಬಿಸಿಲಿನಲ್ಲಿ, ಅದೂ ಹಳೆಯ ಬರಹ ಬಲ್ಲ ಕೊಟ್ಟೂರಯ್ಯನವರ ಕಣ್ಣಿಗೆ. ಆ ಕಣ್ಣುಗಳೂ ಹೋಗುತ್ತಿವೆ. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿರುವ ಧಾರವಾಡದ ಕಣ್ಣಿನ ಡಾಕ್ಟರು ಅಮೃತ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಇದ್ದುದನ್ನು ಹನಿ ಹಾಕಿ ಆದಷ್ಟು ದಿನ ಉಳಿಸಿಕೊಳ್ಳೋಣ ಎಂದು ಹೇಳಿಬಿಟ್ಟಿದ್ದಾರೆ. ಬಿಸಿಲು ಓರೆಯಾಗಿರುವುದು ಒಂದು ತಾಸು. ಕೈಯಲ್ಲಿ ಬರೆದುಕೊಂಡರೆ ಅಷ್ಟರಲ್ಲಿ ಎರಡು ಗರಿ ಮುಗಿದರೆ ಹೆಚ್ಚು, ಟೈಪು ಮಾಡಿದರೆ ನಾಲ್ಕೈದು. ಮಾಘದ ಮಂಜಿನಲ್ಲಿ ವಾರಗಟ್ಟಲೆ ಬಿಸಿಲೇ ಇರುವುದಿಲ್ಲ. ಹೀಗಾಗಿ ಓದಿದ್ದೆಲ್ಲ ನೇರವಾಗಿ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಅಳಿಸಿ ಹೋದರೆ ಎಲ್ಲಿಯೂ ಇಲ್ಲ.

ಅನ್ನದಾನಮ್ಮ ಗದಗ ಸೀಮೆಯವರು. ಮದುವೆಯಾಗಿ ಇಲ್ಲಿಗೆ ಬಂದರು. ಗಂಡ ಶಿವಮೂರ್ತಯ್ಯ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅನ್ನದಾನಮ್ಮ ದಾಸೋಹದ ಅಡುಗೆಮನೆಯಲ್ಲಿ ರೊಟ್ಟಿ ಬಡಿದರು. ಭಕ್ತರೊಬ್ಬರು ಮಠಕ್ಕೆ ಕಂಪ್ಯೂಟರ್ ಕೊಟ್ಟಾಗ ಅದನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಉಳಿದವರು ಹೆದರುತ್ತಾರೆ, ನೀನು ಕಲಿ ತಾಯಿ ಎಂದು ಸ್ವಾಮಿಗಳು ಹೇಳಿದರು. ಲಂಕಾ ಚೌಕದ ಹತ್ತಿರದ ಕ್ಲಾಸಿನಲ್ಲಿ ಪಾಠವೆಲ್ಲ ಹಿಂದಿ. “ಮಾಸ್ತರು ಹೇಳಿದ್ರಾಗ ಹಿಂದಿ ಯಾವುದು, ಕಂಪ್ಯೂಟರ್ ಯಾವುದು ಅಂತ ತಿಳೀದ ಆರು ತಿಂಗಳಾ ಒದ್ದಾಡೀನ್ರಿ. ಎರಡೂ ಒಮ್ಮೆಲೇ ಬಂದ್ವು,” ಎನ್ನುತ್ತಾರೆ. ಆಗ ಅವರಿಗೆ ನಲವತ್ತು ದಾಟಿತ್ತು.

ಎರಡೂ ಮೇಜಿನ ಬರಹ ಮೂಲೆಯ ಪೆಟ್ಟಿಗೆಯಲ್ಲಿರುವ ಒಂದೇ ಕಡತಕ್ಕೆ ಹೋಗಿ ಸೇರುತ್ತದೆ. ಇಬ್ಬರೂ ಒಮ್ಮೆಗೇ ಬರೆದರೆ ಒಬ್ಬರದು ಇನ್ನೊಬ್ಬರದನ್ನು ಅಳಿಸುತ್ತದೆ. ಅದಕ್ಕೆಂದು ಅನ್ನದಾನಮ್ಮ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರು ಒಂದಾದ ಮೇಲೊಂದರಂತೆ ಪಾಲಿಸಬೇಕಾದ ಆದೇಶಗಳ ಸಾಲು, ಬರೆದಿದ್ದರು. ಬರೆಯುವವರು ಮೊದಲು ಒಂದು ಗುರುತು ಇಡಬೇಕು, ಗುರುತು ಕಂಡವರು ಕಾಯಬೇಕು. ಇದನ್ನು ಅವರೇ ವಿವರಿಸುವುದು ಹೀಗೆ: “ನಾವಿರೋ ಮನಿಯಾಗ ನಾಕು ಸಂಸಾರಕ್ಕ ಒಂದ ಬಚ್ಚಲ. ಒಳಗ ಹೋದಾಕಿ ಬಾಗಲಕ್ಕ ಟವೆಲ್ ಹಾಕ್ತಾಳ. ಟವೆಲ್ ಕಂಡ್ರ ಉಳದವ್ರು ನಿಲ್ತಾರ. ಮೊದಲಿನ ಬೀಗ ಹಂಗ ಇತ್ರಿ.”

ಈ ಊರಿನ ಕರೆಂಟಿನ ಕಥೆ ಯಾರಿಗೆ ಗೊತ್ತಿಲ್ಲ. ನಡುವೆ ಕರೆಂಟು ಹೋದರೆ ಬರೆಯುತ್ತಿದ್ದವರ ಕೆಲಸ ಸತ್ತು ಗುರುತು ಮಾತ್ರ ಉಳಿಯುತ್ತಿತ್ತು. ಬಚ್ಚಲಿನಲ್ಲಿ ಯಾರೂ ಇಲ್ಲ, ಬಾಗಿಲ ಮೇಲೆ ಟವೆಲ್ ಇದೆ. ಮಿಕ್ಕವರು ಕಾದಿದ್ದೇ ಕಾದಿದ್ದು. ತೋಂಟೇಶ ಗೊಣಗಿದರು, ಭವಾನಿ ಗೊಣಗಿದರು. ಇವರ ಕಾಟ ತಾಳದೆ ಅನ್ನದಾನಮ್ಮ ಎರಡು ನಿಮಿಷದ ಗಡುವು ಹಾಕಿದರು. ಅಷ್ಟು ಕಾದರೂ ಗುರುತು ಹೋಗದಿದ್ದರೆ ಒಳಗೆ ಯಾರೂ ಇಲ್ಲವೆಂದು ತಿಳಿದು ಮುಂದುವರಿ. ಎಲ್ಲರಿಗೂ ಖುಷಿಯಾಯಿತು.

ಎರಡು ವರ್ಷದ ಹಿಂದೆ, ಚೈತ್ರದ ಒಂದು ಮುಂಜಾನೆ, ಕೊಟ್ಟೂರಯ್ಯನವರು ಒಂದು ಅಕ್ಷರದ ಮುಂದೆ ತಡೆದು ನಿಂತರು. ಗರಿಯನ್ನು ಹಾಗೆ ಹಿಡಿದರು, ಹೀಗೆ ಹಿಡಿದರು. ಭವಾನಿ ಬೆರಳು ಕೀಲಿಗಳ ಮೇಲಿಟ್ಟು ಕಾಯುತ್ತಿದ್ದರು. ಕಡತ ಅವರ ಕೈಯಲ್ಲೇ ಇತ್ತು. ಪಕ್ಕದ ಮೇಜಿನಲ್ಲಿ ತೋಂಟೇಶ ತಮ್ಮ ತಿದ್ದುಪಡಿ ಉಳಿಸಲು ಹೋದರು. ಸ್ಕ್ರಿಪ್ಟ್ ಕಾಯಿತು, ಗಡುವು ಮುಗಿಯಿತು, ಎದ್ದಿತು. ಕಾಯುವುದು ಮುಗಿದರೆ ಸರದಿ ಬಂದಂತಲ್ಲ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ತನ್ನಲ್ಲಿದ್ದ ನಿನ್ನೆಯ ಪ್ರತಿಯನ್ನು ತಂದು ಇವತ್ತಿನ ಓದಿನ ಮೇಲೆ ಇಟ್ಟು ಅದನ್ನು ಅಳಿಸಿಬಿಟ್ಟಿತು.

ಗೊತ್ತಾದದ್ದು ಸಂಜೆ. ಅಷ್ಟೊತ್ತಿಗೆ ಆ ಬೆಳಗಿನ ಗರಿಗಳು ಬಟ್ಟೆಯ ಮೇಲೆ ಹುಡಿಯಾಗಿದ್ದವು. ವಿಂಧ್ಯದ ಕಾಡು ದಾಟುವಾಗ ಸತ್ತವರ ಹೆಸರುಗಳು ಅವುಗಳಲ್ಲಿದ್ದವು. ಕೊಟ್ಟೂರಯ್ಯನವರು ನೆನಪಿನಿಂದ ಮೂರು ಹೆಸರು ಹೇಳಿದರು, ನಾಲ್ಕನೆಯದಕ್ಕೆ ತಲೆಯಾಡಿಸಿದರು. ಬೈಯಲಿಲ್ಲ. “ಅವರ ಹೆಸರು ಹೇಳಾಕ ಈ ಲೋಕದಾಗ ಅದೊಂದ ಗರಿ ಇತ್ತು,” ಎಂದಷ್ಟೇ ಅಂದರು. ಬೈದಿದ್ದರೆ ಅನ್ನದಾನಮ್ಮನವರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಮರುದಿನ ಅವರು ಮೇಲೆ ಹತ್ತಲಿಲ್ಲ, ಸೀದಾ ಅಡುಗೆಮನೆಗೆ ಹೋಗಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತರು. “ರೊಟ್ಟಿ ಹರದ್ರ ಇನ್ನೊಂದು ಬಡೀಬೌದು. ಇದೇ ನನಗ ಸರಿ ಅನ್ನಿಸ್ತು,” ಎನ್ನುತ್ತಾರೆ.

ಆ ಮಬ್ಬುಗಣ್ಣಿನಲ್ಲೇ ಗೋಡೆ ಹಿಡಿದು ಮೆಟ್ಟಿಲಿಳಿದು ಬಂದವರು ಕೊಟ್ಟೂರಯ್ಯ. “ತಂಗಿ, ಉಳದ ಕಟ್ಟು ಇನ್ನಾ ಅದಾವು. ನನ್ನ ಕಣ್ಣು ನಿನ್ನ ದುಃಖಾ ಮುಗಿಯೂತನಾ ಕಾಯೂದಿಲ್ಲ. ಬಾ,” ಎಂದರು. ಅನ್ನದಾನಮ್ಮ ಹಿಟ್ಟಿನ ಕೈ ತೊಳೆದುಕೊಂಡು ಎದ್ದರು.

ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಷಯದಲ್ಲೇ ಸಂಶೋಧನೆ ಮಾಡುತ್ತಿರುವ ಸಚಿನ ಭಾನುವಾರಗಳಲ್ಲಿ ಬಂದು ಜೊತೆಗೆ ಕೂತರು. ಗುರುತು ಇಡುವ ಪದ್ಧತಿಯನ್ನೇ ಬಿಟ್ಟು, ಯಂತ್ರವೇ ಕೊಡುವ ಬೀಗವನ್ನು ಬಳಸುವ ದಾರಿ ತೋರಿಸಿದರು. ಅದನ್ನು ಇಲ್ಲಿನ ಕೆಲಸಕ್ಕೆ ಒಗ್ಗಿಸಿದ್ದು ಅನ್ನದಾನಮ್ಮ. “ಟವೆಲ್ ಬ್ಯಾಡ. ಒಳಗಿದ್ದಾಕಿ ಅಗಳಿ ಕೈಯಾಗ ಹಿಡಕೊಂಡಿರಬೇಕು. ಆಕಿ ತಲಿ ತಿರುಗಿ ಬಿದ್ರ ಕೈ ಬಿಡ್ತೈತಿ, ಬಾಗಲಾ ತಾನ ತೆರೀತೈತಿ. ಬಿದ್ದಿಲ್ಲಂದ್ರ ಹೊರಗಿನವ್ರು ಎಷ್ಟು ಬಡದ್ರೂ ತೆರೆಯೂದಿಲ್ಲ.” ಈಗಲೂ ಕಾಯುವುದಕ್ಕೆ ಗಡುವಿದೆ. ಗಡುವು ಮುಗಿದರೆ, ನಿನ್ನ ಸರದಿ ಬಂದಿಲ್ಲ, ಆಮೇಲೆ ಬಾ ಎಂಬ ಸಾಲು ಪರದೆಯ ಮೇಲೆ ಬರುತ್ತದೆ, ಕಡತವನ್ನು ಮುಟ್ಟುವುದಿಲ್ಲ. ಇನ್ನು ಬರೆಯುವ ನಡುವೆಯೇ ನಿಲ್ಲಿಸು ಎಂಬ ಸೂಚನೆ ಬಂದರೆ? ಅವಸರದಲ್ಲಿ ಯಾರಾದರೂ ಕೀಲಿ ಒತ್ತಿಯಾರು, ಮೇಜಿನ ಯಂತ್ರ ಆರಿ ಹೋದೀತು. “ಬಾಯಾಗಿನ ತುತ್ತು ನುಂಗಿ ಏಳು ಅಂತ ಕಲಿಸೀನ್ರಿ,” ಎನ್ನುತ್ತಾರೆ. ಹಿಡಿದ ಸಾಲನ್ನು ಪೂರ್ತಿ ಬರೆದು, ಬೀಗ ಬಿಟ್ಟು, ಆಮೇಲೆ ನಿಲ್ಲುತ್ತದೆ.

ಹೇಳಿದ್ದನ್ನು ನಂಬುವ ಜಾಯಮಾನ ಈಗ ಅವರದಲ್ಲ. ಒಂದು ತಿಂಗಳು ಸುಳ್ಳು ಕಡತವೊಂದನ್ನಿಟ್ಟುಕೊಂಡು ತಾವೇ ಪ್ಲಗ್ಗು ಕಿತ್ತರು, ತಂತಿ ಎಳೆದರು, ನಡುವೆ ಕೀಲಿ ಒತ್ತಿದರು. ತೋಂಟೇಶ ನಗುತ್ತಾರೆ, “ಮಂಗ್ಯಾ ಮಾಡೋ ಕೆಲಸ ಅಷ್ಟೂ ಅಮ್ಮಾರ ಮಾಡಿದ್ರು.” ಮಾಡಿದ್ದಕ್ಕೆ ಸಾರ್ಥಕವಾಯಿತು. ಅಂದಿನಿಂದ ಒಂದು ಸಾಲೂ ಹೋಗಿಲ್ಲ.

ಇವತ್ತು ಕೊನೆಯ ಕಟ್ಟಿನ ಕೊನೆಯ ಗರಿ. ಕೊಟ್ಟೂರಯ್ಯನವರ ಬಲಗಣ್ಣು ಹೋಳಿ ಹಬ್ಬಕ್ಕೆ ಮುಂಚೆಯೇ ಪೂರ್ತಿ ಹೋಗಿದೆ, ಎಡಗಣ್ಣಿನಲ್ಲಿ ಅಂಗೈಯಷ್ಟು ಕಾಣುತ್ತದೆ. ಗರಿ ಅರ್ಧ ಮುಗಿದಿದೆ, ಅಂಚಿನಿಂದ ಪುಡಿ ಉದುರುತ್ತಿದೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಎರಡೂ ಮೇಜಿನ ಪರದೆಗಳು ಕಪ್ಪಾಗುತ್ತವೆ.

“ಅಮ್ಮಾ, ಸಬ್ ಗಯಾ,” ಎಲ್ಲ ಹೋಯಿತು ಎಂದು ಭವಾನಿ ಕೂಗುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಅವರಿಗೆ ಗಾಬರಿಯಾದಾಗ ಬರುವುದು ಹಿಂದಿ.

ಕೊಟ್ಟೂರಯ್ಯನವರು ಗರಿಯಿಂದ ಕಣ್ಣು ಕೀಳುವುದಿಲ್ಲ. ಕಿತ್ತರೆ ಸಾಲು ಮತ್ತೆ ಸಿಗುತ್ತದೆಂಬ ಭರವಸೆ ಅವರಿಗಿಲ್ಲ. “ತಂಗಿ, ಓದ್ಲೋ, ನಿಲ್ಲಿಸ್ಲೋ? ಬಿಸಲು ಏರಾಕತ್ತೈತಿ.”

ಮೂಲೆಯ ಪೆಟ್ಟಿಗೆ ಬ್ಯಾಟರಿಯ ಮೇಲೆ ಜೀವ ಹಿಡಿದಿದೆ. ಅನ್ನದಾನಮ್ಮ ಭವಾನಿಯವರ ತೋಳು ಹಿಡಿದು ಎಬ್ಬಿಸಿ ಅದರ ಮುಂದೆಯೇ ಕೂರಿಸುತ್ತಾರೆ. ಮೇಜಿನ ಯಂತ್ರ ಆರಿದ್ದನ್ನು ಪೆಟ್ಟಿಗೆ ಆಗಲೇ ಅರಿತಿದೆ. ಕೈಯಲ್ಲಿದ್ದ ಸಾಲನ್ನು ಬರೆದು ಮುಗಿಸಿದೆ, ಬೀಗ ಬಿಟ್ಟಿದೆ. ಹಳೆಯ ಗುರುತೇ ಇದ್ದಿದ್ದರೆ ಕಡತ ಈಗ ಯಾರಿಗೂ ತೆರೆಯದೆ ಕೂತಿರುತ್ತಿತ್ತು. ಅನ್ನದಾನಮ್ಮ ಹೊಸದಾಗಿ ಬೀಗ ಕೇಳುತ್ತಾರೆ. ಸಿಗುತ್ತದೆ. ಪರದೆಯ ಕೊನೆಯ ಸಾಲನ್ನು ಜೋರಾಗಿ ಓದಿ ಹೇಳುತ್ತಾರೆ.

“ಅಲ್ಲೀತನಾ ಬಂದೈತಿ. ಮುಂದ ಓದ್ರಿ ಅಜ್ಜಾರ.”

ಹಿರಿಯರು ಓದುತ್ತಾರೆ. ಕೋಣೆಯಲ್ಲಿ ಅವರ ದನಿ ಮತ್ತು ಕೀಲಿಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಿಸಿಲು ಕಿಟಕಿಯ ಸರಳಿನಿಂದ ಮೇಲೇರುವ ಹೊತ್ತಿಗೆ ಕೊನೆಯ ಹೆಸರು ಬರುತ್ತದೆ. ಅವಳು ನರೇಗಲ್ಲಿನ ಕಡೆಯ ಒಬ್ಬ ಹೆಣ್ಣುಮಗಳು, ಕಾಶಿಗೆ ಒಂದೇ ದಿನದ ದಾರಿ ಉಳಿದಿರುವಾಗ ತೀರಿಕೊಂಡವಳು. ಕೊಟ್ಟೂರಯ್ಯನವರು ಗರಿಯನ್ನು ಬಟ್ಟೆಯ ಮೇಲಿಟ್ಟು ಕೈ ಮುಗಿಯುತ್ತಾರೆ. ಅನ್ನದಾನಮ್ಮ ಮೂರು ಕಡೆ ನಕಲು ಮಾಡಿಟ್ಟು, ನಕಲುಗಳನ್ನು ತೆರೆದು ನೋಡಿ, ಆಮೇಲೆಯೇ ಚಹಾಕ್ಕೆ ಹೇಳಿ ಕಳಿಸುತ್ತಾರೆ.

ಮಧ್ಯಾಹ್ನ ಪ್ರಸಾದವಾದ ಮೇಲೆ ಕೊಟ್ಟೂರಯ್ಯನವರು ಮತ್ತೆ ಮೇಲೆ ಬರುತ್ತಾರೆ. ಅವರಿಗೆ ಈಗ ಓದಲು ಏನೂ ಉಳಿದಿಲ್ಲ. ಪೆಟ್ಟಿಗೆಯ ಪಕ್ಕ ಕೂತು ಕಣ್ಣು ಮುಚ್ಚಿಕೊಂಡು, “ಆ ಹೆಣ್ಣಮಗಳ ಪದಾ ಒಮ್ಮೆ ಓದು ತಂಗಿ, ಕೇಳ್ತೀನಿ,” ಎನ್ನುತ್ತಾರೆ. ಅನ್ನದಾನಮ್ಮ ಓದುತ್ತಾರೆ. ಬೆಳಿಗ್ಗೆ ಅದನ್ನು ಹೊತ್ತಿದ್ದ ಗರಿ ಬಟ್ಟೆಯ ಮೇಲೆ ಆಗಲೇ ಹುಡಿಯಾಗಿದೆ.

ಇಷ್ಟು ವರ್ಷದ ಕೆಲಸ ಮುಗಿಯಿತಲ್ಲ, ಹೇಗನಿಸುತ್ತದೆ ಎಂದು ಕೇಳಿದರೆ ಅನ್ನದಾನಮ್ಮ ಮೊದಲು ಪೆಟ್ಟಿಗೆಯ ಮೇಲೆ ಸೀರೆಯ ತುಂಡನ್ನು ಹೊದಿಸುತ್ತಾರೆ.

“ಅಜ್ಜಾರು ಇನ್ನೊಮ್ಮೆ ಓದು ಅಂದ್ರು, ಓದಿದೆ. ಮತ್ತೊಮ್ಮೆ ಅಂದ್ರು, ಮತ್ತೂ ಓದಿದೆ,” ಎನ್ನುತ್ತಾರೆ ಆಮೇಲೆ. “ಗರಿ ಆಗಿದ್ರ ಹಂಗ ಕೇಳಾಕ ಬರ್ತಿತ್ತೇನ್ರಿ?”