ಅಕ್ಕನ ಜಡೆ ಉಳಿಸಿದ ಹೇನು

ನಾನು ಚಿಕ್ಕವನಿದ್ದಾಗ ನನ್ನ ಬಾಯಿಗೆ ಬೀಗವೇ ಇರಲಿಲ್ಲ ಮಕ್ಕಳೇ. ಆ ಬಾಯಿಂದಲೇ ಒಮ್ಮೆ ಅಕ್ಕನ ಜಡೆಗೆ ಕುತ್ತು ತಂದಿದ್ದೆ.

ವಿದುರಾಶ್ವತ್ಥದ ಹತ್ತಿರ ನಮ್ಮ ಹೊಲ. ರಾಗಿ ಕೊಯ್ಲಾಗಿ, ಸಾಲುಗಳಲ್ಲಿ ಅವರೆ ಹೂ ಬಿಟ್ಟಿತ್ತು. ಚಳಿಯ ಬೆಳಿಗ್ಗೆ ಅದರ ಸೊಗಡು ಮನೆ ಬಾಗಿಲವರೆಗೂ ಬರುತ್ತಿತ್ತು. ಒಂದು ದಿನ ಅಪ್ಪ ಹೊಲದಿಂದ ಬಂದು, "ಅವರೆಗೆ ಹೇನು ಬಿದ್ದೈತೆ" ಎಂದರು. ಅಕ್ಕ ದಿನವೂ ಆ ಹೊಲದ ಬದುವಿನ ಮೇಲೆ ಕೂತೇ ತಲೆ ಬಾಚುತ್ತಿದ್ದಳು. ತಲೆ ತುಂಬ ಹೇನು ಬೇರೆ! ನಾನು ಸುಮ್ಮನಿರುತ್ತೇನೆಯೇ? "ಅಕ್ಕನ ತಲೆಯಿಂದಲೇ ಉದುರಿರೋದು!" ಎಂದು ಕೂಗಿಬಿಟ್ಟೆ.

ಅಜ್ಜಿ ಅದನ್ನೇ ಹಿಡಿದುಕೊಂಡಳು. "ನಾಳೆನೇ ಇವಳ ತಲೆ ಬೋಳಿಸಿಬಿಡ್ರಪ್ಪ." ಸೊಂಟದವರೆಗಿದ್ದ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕ ಗೋಳೋ ಎಂದು ಅತ್ತಳು. ನಾನು ಕೂಗಿದ್ದು ನಿಜವೋ ಸುಳ್ಳೋ ನೋಡಿಯೇ ಬಿಡೋಣ ಎಂದುಕೊಂಡೆ.

ಅಪ್ಪ ಪಂಚಾಂಗ ನೋಡುವ ಭೂತಗನ್ನಡಿ ಎತ್ತಿಕೊಂಡು ಹೊಲಕ್ಕೆ ಓಡಿದೆ. ಎಳೆ ಕುಡಿಗಳಿಗೆಲ್ಲ ಎಳ್ಳು ಮೆತ್ತಿದ ಹಾಗೆ ಕಪ್ಪು ಹೇನು. ಮುಟ್ಟಿದರೆ ಕೈಯೆಲ್ಲ ಅಂಟು. ಇರುವೆಗಳು ಅವುಗಳ ಬೆನ್ನು ಸವರಿ, ಹಿಂದಿನಿಂದ ಒಸರುವ ಸಿಹಿ ಹನಿ ಕುಡಿಯುತ್ತಿದ್ದವು. ತಲೆಯ ಹೇನಾದರೆ ಮೊಟ್ಟೆ, ಅದೇ ಸೀರು, ಇಡಬೇಕಲ್ಲ? ಹುಡುಕಿದೆ, ಹುಡುಕಿದೆ, ಒಂದೂ ಇಲ್ಲ. ಅಷ್ಟರಲ್ಲಿ ಒಂದು ಹೇನಿನ ಹಿಂಬದಿಯಿಂದ ಪುಟ್ಟ ಕಾಲುಗಳು ಒದೆಯುತ್ತ ಹೊರಬಂದವು. ಮರಿ! ಪಕ್ಕದಲ್ಲಿದ್ದ ಇನ್ನೊಂದಕ್ಕೆ ರೆಕ್ಕೆಯೂ ಇತ್ತು.

ಅಜ್ಜಿಯನ್ನು ಕೈ ಹಿಡಿದು ಎಳೆದುಕೊಂಡು ಬಂದೆ. ಗಾಜಿಗೆ ಕಣ್ಣಿಟ್ಟವಳೇ, "ಅಯ್ಯೋ ಶಿವನೇ, ಇದು ಹೆರ್ತಾ ಐತೆ ಕಣೋ!" ಎಂದಳು.

"ತಲೆ ಹೇನು ಮರಿ ಹಾಕ್ತೈತಾ ಅಜ್ಜಿ? ಅದಕ್ಕೆ ರೆಕ್ಕೆ ಐತಾ? ಇವು ಹಾರ್ಕೊಂಡು ಬಂದಿರೋವು. ಅಕ್ಕಂದೇನೂ ತಪ್ಪಿಲ್ಲ, ನಂದೇ."

ಅಜ್ಜಿ ನಗುತ್ತಲೇ ನನ್ನ ಕಿವಿ ಹಿಂಡಿದಳು. ಅವರೆಗೆ ಅಪ್ಪ ಒಲೆಯ ಬೂದಿ ಎರಚಿದರು. ಅಕ್ಕನ ತಲೆಗೆ ಬೇವಿನೆಣ್ಣೆ ಬಿತ್ತು, ಅಷ್ಟೇ.

ನೀವು ಫೋನಿನ ಮೇಲೆ ಬೆರಳಾಡಿಸಿದರೆ ಸಾಕು, ಗಿಡದ ಹೇನಿನ ಕಥೆಯೆಲ್ಲ ಬರುತ್ತದೆ. ಅವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣಂತೆ, ಗಂಡಿಲ್ಲದೆಯೇ ಹೆರುತ್ತವಂತೆ, ಹುಟ್ಟುವ ಮರಿಯ ಹೊಟ್ಟೆಯಲ್ಲಿ ಆಗಲೇ ಮೊಮ್ಮರಿ ಬೆಳೆಯುತ್ತಿರುತ್ತದಂತೆ. ಇದೆಲ್ಲ ತಿಳಿಯಲು ನನಗೆ ವರ್ಷಗಳೇ ಹಿಡಿದವು. ಆದರೆ ಅದೇ ಫೋನಿನಲ್ಲಿ ಕಾಣುವ ನಿಮ್ಮ ದೊಡ್ಡಜ್ಜಿ, ಅಂದರೆ ಆ ನನ್ನ ಅಕ್ಕ, ನನ್ನ ಮುಖ ಕಂಡ ಕೂಡಲೇ ತನ್ನ ಬಿಳಿ ಜಡೆಯನ್ನು ಮುಂದಕ್ಕೆಳೆದು ಯಾಕೆ ತೋರಿಸುತ್ತಾಳೆ ಎಂದು ಕೇಳುತ್ತಿದ್ದಿರಲ್ಲ, ಇದಕ್ಕೇ.